ಆಮೆಯ ಮೇಲಿನ ಆಣೆ

ಹಲಗೂರು
14 ಜುಲೈ 2024, ಭಾನುವಾರ

ದೀಪಿಕಳ ಅಪ್ಪನಿಗೆ ಶೋಭಾರಾಣಿ ಮಾಡುವ ನಮಸ್ಕಾರ.

ಹೇಗಿದ್ದೀರಿ? ಕೈ ನಡುಕ ಕಡಿಮೆಯಾಯಿತೇ? ಊಟ ಸೇರುತ್ತಿದೆಯೇ? ನಿದ್ದೆ ಬರುವುದಿಲ್ಲ ಅಂತ ಬರೆದಿದ್ದಿರಿ, ನಾಚಿಕೆ ಬಿಟ್ಟು ಅಲ್ಲಿನ ಡಾಕ್ಟರಿಗೆ ಹೇಳಿ. ನೀವು ಕುಡಿತ ಬಿಡಿಸುವ ಕೇಂದ್ರ ಸೇರಿ ಮೂವತ್ತೈದು ದಿನವಾಯಿತು, ಇನ್ನು ಐವತ್ತೈದು ಉಳಿದಿವೆ. ಅಲ್ಲಿ ಫೋನು ಕೊಡುವುದಿಲ್ಲವಾದ್ದರಿಂದ, ಮದುವೆಯಾಗಿ ಹನ್ನೊಂದು ವರ್ಷಕ್ಕೆ ಗಂಡನಿಗೆ ಕಾಗದ ಬರೆಯುವ ಯೋಗ ಬಂತು ನನಗೆ. ಇಲ್ಲಿ ನಾವು ಇದ್ದೇವೆ. ಅತ್ತೆಯ ಮಂಡಿ ನೋವು ಹಾಗೇ ಇದೆ. ದೀಪಿಕ ಸ್ಕೂಲಿಗೆ ಹೋಗುತ್ತಿದ್ದಾಳೆ. ನಾನು ಆರೂವರೆ ಬಸ್ಸಿಗೆ ಮದ್ದೂರಿನ ಗಾರ್ಮೆಂಟ್ಸಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತೇನೆ. ನಿಮ್ಮ ಮೋಟರ್ ರಿಪೇರಿ ಅಂಗಡಿಯ ಶಟರು ಎಳೆದದ್ದು ಎಳೆದ ಹಾಗೇ ಇದೆ. ಕೆಟ್ಟ ಪಂಪು ಹೊತ್ತುಕೊಂಡು ಬಂದವರು ನೋಡಿಕೊಂಡು ಮಂಡ್ಯಕ್ಕೆ ಹೋಗುತ್ತಾರೆ.

ನಿಮ್ಮ ಕಾಗದ ತಲುಪಿತು. ಮಗಳ ಬಗ್ಗೆ ಎರಡು ಸಾಲು, ನಿಮ್ಮಮ್ಮನ ಬಗ್ಗೆ ಒಂದು, ನನ್ನ ಬಗ್ಗೆ ಸೊನ್ನೆ. ಮಿಕ್ಕ ಪುಟ ಪೂರ್ತಿ ಆಮೆ. ಆಮೆ ತಿಂತಾ, ಆಮೆ ಮಲಗ್ತಾ, ಆಮೆಗೆ ಏನು ಹಾಸಿದ್ದೀರಿ. ದೀಪಿಕ ಹುಟ್ಟಿದಾಗ ಅವಳು ಯಾವುದರ ಮೇಲೆ ಮಲಗಿದ್ದಾಳೆ ಅಂತ ನೀವು ಕೇಳಿದ ನೆನಪು ನನಗಿಲ್ಲ. ಕೋಪ ಬಂತು, ಬರದೇ ಇರುತ್ತದೆಯೇ? ಆದರೂ ಆ ಆಮೆಯನ್ನು ಕೈಬಿಡಲಾರೆ. ಯಾಕೆಂದರೆ ನೀವು ಆಣೆ ಇಟ್ಟಿರುವುದು ಅದರ ಮೇಲೆ. ಮೊದಲು ಪಟ್ಟಲದಮ್ಮನ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದಿರಿ, ಹದಿನೈದು ದಿನ ನಡೆಯಿತು. ಆಮೇಲೆ ದೀಪಿಕಳ ತಲೆ ಮುಟ್ಟಿ ಮಾಡಿದಿರಿ, ಅದು ಎಂಟೇ ದಿನ. ಒಂಬತ್ತನೇ ದಿನ ಮಗುವಿಗೆ ಜ್ವರ ಬಂದು ಅತ್ತೆ ಬಾಯಿ ಬಾಯಿ ಬಡಿದುಕೊಂಡರು. ಅವತ್ತಿನಿಂದ ಮಗಳ ತಲೆ ಮುಟ್ಟಲು ನಾನು ಬಿಡಲಿಲ್ಲ. ಕೇಂದ್ರದ ವ್ಯಾನು ಬಂದು ನಿಂತಾಗ, ಹಿಂದಿನ ದಿನ ಮಳವಳ್ಳಿ ಸಂತೆಯಲ್ಲಿ ಯಾರಿಂದಲೋ ಕೊಂಡು ತಂದಿದ್ದ ಈ ಆಮೆಯ ಬೆನ್ನ ಮೇಲೆ ಕೈಯಿಟ್ಟು, “ಇದ್ರಾಣೆ ಕಣೆ, ಇದು ಇರೋಗಂಟ ಮುಟ್ಟಾಕಿಲ್ಲ. ನೂರು ವರ್ಸ ಬದುಕ್ತದಂತೆ” ಅಂದಿರಿ. ನೋಡುತ್ತಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಈಗ ಕಾಗದದಲ್ಲಿ, ಅದು ಸತ್ತರೆ ನನ್ನ ಆಣೆಯೂ ಸತ್ತಂತೆ, ಗೇಟು ಹಾರಿ ಬರುತ್ತೇನೆ ಅಂತ ಬರೆದಿದ್ದೀರಿ. ಅದನ್ನು ಓದಿದ ಮೇಲೆ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವಾಗಲೂ ನನಗೆ ಅದೇ ಯೋಚನೆ.

ಕೇಳಿದ್ದೀರಲ್ಲ, ಹಾಸಿಗೆಯ ಕಥೆ ಕೇಳಿ. ಮೊದಲು ರಟ್ಟಿನ ಡಬ್ಬಕ್ಕೆ ರಾಗಿ ಹುಲ್ಲು ಕತ್ತರಿಸಿ ಹಾಕಿದೆ. ಧೂಳಿಗೆ ಅದರ ಕಣ್ಣಲ್ಲಿ ನೀರು ಸುರಿಯಿತು. ಮಾರನೇ ದಿನ ನಾನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅತ್ತೆ ಅದನ್ನು ಹಸುವಿನ ತೊಟ್ಟಿಗೆ ಬಿಟ್ಟಿದ್ದಾರೆ. “ಆಮೆ ಅಂದ್ಮೇಲೆ ನೀರಲ್ಲಿರ್ಬೇಕು ಕಣಮ್ಮ, ನಮ್ಮೂರ್ ಬಾವಿಗೆ ನಮ್ಮಪ್ಪ ಎರಡು ಬುಟ್ಟಿದ್ದ, ನೀರು ಕನ್ನಡಿ ಇದ್ದಂಗಿತ್ತು” ಅಂತ ನನಗೇ ಪಾಠ. ಇದು ನೆಲದ ಮೇಲಿರುವ ಆಮೆ, ಈಜು ಬರುವುದಿಲ್ಲ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಸ್ಕೂಲಿಂದ ಬಂದ ದೀಪಿಕ, ಅದು ಕತ್ತು ಮೇಲೆ ಮಾಡಿ ಒದ್ದಾಡುವುದನ್ನು ನೋಡಿ ಎತ್ತಿಕೊಂಡಳಂತೆ. ಆಮೇಲೆ ಮದ್ದೂರಿನ ಮರದ ಮಿಲ್ಲಿನ ಮುಬೀನಣ್ಣನನ್ನು ಕೇಳಿ ಒಂದು ಚೀಲ ಹೊಟ್ಟು ತಂದೆ, ಬಸ್ಸಿನಲ್ಲಿ ಕಂಡಕ್ಟರ್ ಕೈಲಿ ಬೈಸಿಕೊಂಡು. ಆ ಹೊಟ್ಟು ಅದರ ಮೂಗಿಗೆ ಬಾಯಿಗೆಲ್ಲ ಮೆತ್ತಿಕೊಂಡಿತು. ಕೊನೆಗೆ ತೆಂಗಿನ ನಾರಿನ ಪುಡಿಗೆ ಹೊಂಗೆ ಮರದ ಬುಡದ ಮಣ್ಣು ಬೆರೆಸಿ, ಒಂದು ಕಡೆ ಒಣಗಿಸಿ ಒಂದು ಕಡೆ ಚೂರು ನೀರು ಚಿಮುಕಿಸಿ, ಮೂಲೆಗೆ ಒಡೆದ ಮಡಕೆ ಮಗುಚಿಟ್ಟೆ. ಅವತ್ತು ಮಡಕೆಯೊಳಗೆ ಹೋಗಿ ಮಲಗಿತು. ನನ್ನ ಬಾಣಂತನದಲ್ಲೂ ಇಷ್ಟು ಉಪಚಾರ ನಡೆದಿರಲಿಲ್ಲ.

ಊಟದ್ದೂ ಅದೇ ಪಾಡು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ನಿಮ್ಮ ಆಮೆ ಮುಟ್ಟುವ ಸೊಪ್ಪೇ ಇಲ್ಲ. ಅತ್ತೆ ಹಾಲನ್ನ ಇಟ್ಟರು, ದೀಪಿಕ ಬಿಸ್ಕತ್ತು ನೆನೆಸಿ ಇಟ್ಟಳು. ಎರಡನ್ನೂ ಸ್ವಲ್ಪ ಸ್ವಲ್ಪ ತಿಂದು ಭೇದಿ ಮಾಡಿಕೊಂಡಿತು. ಹೋದ ವಾರ ರಜ ಹಾಕಿ ಮಳವಳ್ಳಿಯ ದನದ ಡಾಕ್ಟರ ಹತ್ತಿರ ತೆಗೆದುಕೊಂಡು ಹೋದೆ. ಹಾಲು, ಅನ್ನ, ಬೆಲ್ಲ ಯಾವುದೂ ಕೂಡದು, ಗರಿಕೆ, ನುಗ್ಗೆ ಸೊಪ್ಪು, ದಾಸವಾಳದ ಎಲೆ ಹೂವು, ಮುಳ್ಳು ತೆಗೆದ ಪಾಪಾಸುಕಳ್ಳಿ ಕೊಡಿ, ಮೊಟ್ಟೆ ಚಿಪ್ಪು ಪುಡಿ ಮಾಡಿ ಉದುರಿಸಿ ಅಂದರು. ಎರಡು ದಿನ ದಾಸವಾಳ ತಿಂದಿತು. ಕೆಂಪು ಬಾಯಿ ನೋಡಿ ಮಗಳು ಎಲೆಯಡಿಕೆ ಹಾಕಿದ ಅಜ್ಜಿ ಅಂತ ನಕ್ಕಳು. ನೀವು ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಈಗ ಮೂರು ದಿನದಿಂದ ಏನನ್ನೂ ಮೂಸುತ್ತಿಲ್ಲ. ಉಸಿರು ಎಳೆದರೆ ಸೀಟಿಯ ಸದ್ದು ಬರುತ್ತದೆ. ನಿಮ್ಮಿಂದ ಮುಚ್ಚಿಟ್ಟು ಏನು ಪ್ರಯೋಜನ?

ಡಾಕ್ಟರು ಇನ್ನೊಂದು ಮಾತು ಹೇಳಿದರು. ಬೆನ್ನ ಮೇಲೆ ನಕ್ಷತ್ರ ಇರುವ ಇದು ಕಾಡಿನ ಜೀವ, ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ, ಅರಣ್ಯ ಇಲಾಖೆಗೆ ಒಪ್ಪಿಸಿದರೆ ಅವರ ಡಾಕ್ಟರು ನೋಡುತ್ತಾರೆ ಅಂತ. ನನ್ನ ಗಂಡ ಸೆಪ್ಟೆಂಬರ್ ಎಂಟಕ್ಕೆ ಬರುತ್ತಾರೆ, ಅಲ್ಲಿಯವರೆಗೆ ಬಿಟ್ಟುಬಿಡಿ ಸಾರ್ ಅಂದೆ. “ಅಲ್ಲಿಗಂಟ ಇದು ಉಳಿಯೋದು ಅನುಮಾನ ಕಣಮ್ಮ” ಅಂದರು. ಯೋಚನೆ ಮಾಡುತ್ತೇನೆ ಅಂತ ಹೇಳಿ ಬಂದುಬಿಟ್ಟೆ. ಒಂದು ಪ್ರಾಣಿಯ ಜೀವ ಹೋಗುತ್ತಿದ್ದರೂ ನನಗೆ ನಿಮ್ಮ ಗೇಟೇ ಕಣ್ಣ ಮುಂದೆ ಬರುತ್ತಿತ್ತು. ಪಾಪ ಯಾರನ್ನು ಸುತ್ತಿಕೊಳ್ಳುತ್ತದೋ ಗೊತ್ತಿಲ್ಲ.

ಅತ್ತೆ ಆಶೀರ್ವಾದ ಹೇಳಿದ್ದಾರೆ. ದೀಪಿಕ ಮುತ್ತು ಕಳಿಸಿದ್ದಾಳೆ. ಹೊತ್ತು ಹೊತ್ತಿಗೆ ಮಾತ್ರೆ ತೆಗೆದುಕೊಳ್ಳಿ, ಆರೋಗ್ಯ ನೋಡಿಕೊಳ್ಳಿ.

ಇಂತಿ ನಿಮ್ಮ
ಶೋಭಾರಾಣಿ

ವಿ.ಸೂ: ಸೋಮವಾರ. ಮಳವಳ್ಳಿ ಪೋಸ್ಟಾಫೀಸಿನಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ. ಬೆಳಿಗ್ಗೆ ಅದು ಕಣ್ಣು ಬಿಡಲಿಲ್ಲ. ಬುಟ್ಟಿಯಲ್ಲಿಟ್ಟುಕೊಂಡು ಬಂದು ಈಗ ತಾನೇ ಅರಣ್ಯ ಇಲಾಖೆಯವರ ಕೈಗೆ ಕೊಟ್ಟೆ. ಗುಣವಾದರೆ ಕಾಡಿಗೆ ಬಿಡುತ್ತಾರಂತೆ. ಬದುಕಿತೋ ಇಲ್ಲವೋ ನಮಗೆ ಇನ್ನು ತಿಳಿಯುವುದಿಲ್ಲ. ಎಲ್ಲಿ ಸಿಕ್ಕಿತಮ್ಮ ಅಂತ ಕೇಳಿದರು. ಕಬ್ಬಿನ ಗದ್ದೆ ಬದುವಿನಲ್ಲಿ ಅಂದೆ. ನಿಮಗಾಗಿ ನಾನು ಹೇಳುವ ಕೊನೆಯ ಸುಳ್ಳು ಅದು. ಈಗ ನಿಮ್ಮ ಆಣೆ ಯಾರ ಮೇಲೂ ಇಲ್ಲ, ಇನ್ನೊಂದು ಜೀವವನ್ನು ಅದಕ್ಕೆ ಕೊಡಲು ನನ್ನಿಂದ ಆಗುವುದಿಲ್ಲ. ಗೇಟು ಹಾರುವುದಾದರೆ ಹಾರಿ, ಆದರೆ ಈ ಮನೆಗೆ ಬರಬೇಡಿ. ತೊಂಬತ್ತು ದಿನ ಮುಗಿಸಿಕೊಂಡು ಬಂದರೆ ನಾನೂ ಮಗಳೂ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇವೆ.