ಎಂಜಿನ್ನಿಗೆ ಹಾಕಿದ ಪೌಡರ್

ಶೈಲಾ,

ಕಾರಿನ ಎಣ್ಣೆ ಸೋರುವುದು ಕೊನೆಗೂ ನಿಂತಿತು. ಹೇಳಬೇಕೆನಿಸಿದ್ದು ನಿನಗೊಬ್ಬಳಿಗೇ. ಆದರೆ ಈ ಪತ್ರ ಯಲವಿಗಿಯ ನಿನ್ನ ತವರು ಮುಟ್ಟುವುದಿಲ್ಲ. ನಾನೇ ಅಂಚೆಗೆ ಹಾಕುವುದಿಲ್ಲ.

ಎರಡು ಸೀಟಿನ ಆ ಹಳೇ ಸ್ಪೋರ್ಟ್ಸ್ ಕಾರು ಕಂಡರೆ ನಿನಗೆ ಆಗುತ್ತಿರಲಿಲ್ಲ. "ಅಂಗಳ ತುಂಬ ಎಣ್ಣಿ ಮಾಡೀರಿ, ನಾ ರಂಗೋಲಿ ಎಲ್ಲಿ ಹಾಕ್ಲಿ?" ಎಂದು ನೀನು ಗೊಣಗುತ್ತಿದ್ದೆ. ಎಣ್ಣೆ ಕೆಳಗೆ ಹನಿಯುತ್ತದೆಂದು ನಾನು ರವಿವಾರ ಬಂದರೆ ಕಾರಿನಡಿ ಮಲಗಿ, ಎಣ್ಣೆ ಸೋರದಂತೆ ಎಂಜಿನ್ನಿನ ಕೆಳಗೆ ಕೂರಿಸುವ ಪ್ಯಾಕಿಂಗನ್ನೇ ಬದಲಿಸುತ್ತಿದ್ದೆ. ನೀನು ಬ್ಯಾಗು ಹಿಡಿದು ಹೊರಟ ರವಿವಾರವೂ ನಾನು ಅಲ್ಲೇ ಇದ್ದೆ. ನನಗೆ ಕಂಡದ್ದು ನಿನ್ನ ಚಪ್ಪಲಿಗಳಷ್ಟೇ.

ಮೊನ್ನೆ ಹಾನಗಲ್ಲಿನ ಗ್ಯಾರೇಜ್ ಮಿಸ್ತ್ರಿ ಫಕ್ಕೀರೇಶ ಹೇಳಿದ: "ಎಂಜಿನ್ ತೊಳದು ಒಣಗಿಸಿ, ಮುಖದ ಪೌಡರ್ ಉದುರಿಸ್ರಿ. ಚಾಲೂ ಮಾಡಿದ್ರ ಎಣ್ಣಿ ಎಲ್ಲಿಂದ ಬರ್ತೈತಿ ಕಾಣ್ತೈತಿ."

ಮನೆಯಲ್ಲಿದ್ದದ್ದು ನೀನು ಬಿಟ್ಟುಹೋದ ಡಬ್ಬಿಯೊಂದೇ. ಇವತ್ತು ಅದನ್ನೇ ಉದುರಿಸಿ ಎಂಜಿನ್ ಚಾಲೂ ಮಾಡಿದೆ. ಬಿಳಿಯ ಮೇಲೆ ಕಪ್ಪು ಗೆರೆಯೊಂದು ಇಳಿಯಿತು. ಸೋರುತ್ತಿದ್ದದ್ದು ಮೇಲಿನ ಮುಚ್ಚಳದಿಂದ. ಎದ್ದು ನಿಂತು ನೋಡಿದ್ದರೆ ಸಾಕಿತ್ತು.

ಅಲ್ಲಿ ಹೊಸ ಪ್ಯಾಕಿಂಗ್ ಹಾಕಿ ಮತ್ತೆ ಚಾಲೂ ಮಾಡಿದೆ. ಒಂದು ಹನಿಯೂ ಬೀಳಲಿಲ್ಲ. ಆದರೆ ಎಂಜಿನ್ ಕಾದಂತೆ ಅಂಟಿಕೊಂಡಿದ್ದ ನಿನ್ನ ಪೌಡರಿನ ವಾಸನೆ ಮನೆಯೊಳಕ್ಕೂ ಹೋಯಿತು. ಅವ್ವನ ಕಣ್ಣು ಈಗ ಪೂರ್ತಿ ಮಂಜು. ಒಳಗಿನಿಂದಲೇ ಕೂಗಿದಳು:

"ಶೈಲಾ ಬಂದಾಳೇನೋ? ಹೊರಗ ಯಾಕ ನಿಂದ್ರಿಸೀದಿ, ಒಳಗ ಕರಿ."

ನಾನು ಎಂಜಿನ್ ಬಂದ್ ಮಾಡಲಿಲ್ಲ. ಮಾಡಿದ್ದರೆ ಉತ್ತರ ಕೊಡಬೇಕಾಗುತ್ತಿತ್ತು.