ಲಾಳದ ಮೌಲಾನಿಗೆ ರಜೆ

೧೬ ಮೇ ೧೯೯೯, ಭಾನುವಾರ. ಚಳ್ಳಕೆರೆ.

ಸಂಜೆ ಅಮ್ಮಿ ಹೇಳಿದ್ದೇ ತಲೆಯಲ್ಲಿ ಕೊರೆಯುತ್ತಿದೆ.

ದುರ್ಗದ ಕೋಟೆ ಬೀಳದೇ ಹೋಗಿದ್ದರೆ ಎಂದುಕೊಂಡು ಆ ಪುಣ್ಯಾತ್ಮ ಕಾದಂಬರಿಕಾರ ಸಂಪುಟದ ಮೇಲೆ ಸಂಪುಟ ಬರೆಯುತ್ತಲೇ ಇದ್ದಾನೆ. ಅಮ್ಮಿಗೆ ಕನ್ನಡ ಓದಲು ಬಾರದು. ಅವಳು ಬಿತ್ತನೆಯ ಶೇಂಗಾ ಸುಲಿಯುತ್ತಾ ಕೂತರೆ, ನಾನು ಓದಿ ಓದಿ ಉರ್ದುವಿನಲ್ಲಿ ಹೇಳುತ್ತೇನೆ. ಅವಳಿಗೆ ರಾಜರು ಬೇಡ, ಕುದುರೆಗೆ ಲಾಳ ಕಟ್ಟುವ ಮೌಲಾ ಬೇಕು. ಗ್ಯಾರೇಜಿನಲ್ಲಿ ಅಬ್ಬಾ ಲಾರಿಗಳನ್ನು ಬೈದು ಮುದ್ದಿಸುತ್ತಿದ್ದ ಹಾಗೆಯೇ ಅವನು ಕುದುರೆಗಳನ್ನು. ಎಂಟನೆಯ ಸಂಪುಟದಲ್ಲಿ ಮೌಲಾ ಸತ್ತ. ಅಬ್ಬಾ ಹೋಗಿ ಇನ್ನೂ ವರ್ಷ ತುಂಬಿಲ್ಲ, ನನಗೆ ಹೇಳಲು ಬಾಯಿ ಬರಲಿಲ್ಲ. ಬದುಕಿಸಿಬಿಟ್ಟೆ. ಒಂಬತ್ತನೆಯದರ ಉದ್ದಕ್ಕೂ ಅವನ ಮಾತೆಲ್ಲ ನಾನೇ ಕಟ್ಟಿದ್ದು.

ಇವತ್ತು ಆ ಸಂಪುಟ ಮುಗಿಯಿತು. ಅಮ್ಮಿ ಸಿಪ್ಪೆ ಗುಡಿಸುತ್ತಾ, "ಮೌಲಾ ಬಂದಾಗೆಲ್ಲ ನಿನ್ನ ಕಣ್ಣು ಪುಸ್ತಕದ ಮೇಲೆ ಇರಲ್ಲ, ರುಕ್ಸಾನಾ" ಅಂದಳು. ನಾನು ಪುಸ್ತಕ ಮುಚ್ಚಿಟ್ಟೆ.

"ಇರ್ಲಿ ಬಿಡು. ಹತ್ತನೇದ್ರಾಗೆ ಅವ್ನಿಗೆ ಒಂದೆರಡು ದಿನ ರಜಾ ಕೊಡು. ನಿಮ್ಮಬ್ಬಾ ಒಂದಿನಾನೂ ತಗೊಳ್ಳಲಿಲ್ಲ."

ಅಷ್ಟು ದೊಡ್ಡ ಯುದ್ಧದ ನಡುವೆ ಲಾಳದವನಿಗೆ ರಜೆ ಯಾರು ಕೊಡುತ್ತಾರೆ. ನಾನೇ ಕೊಡಿಸಬೇಕು. ಮನೆಗೆ ಬಂದು ಮೊದಲು ಚೆನ್ನಾಗಿ ನಿದ್ದೆ ಮಾಡಲಿ, ಆಮೇಲೆ ಹೆಂಡತಿಯ ಜೊತೆ ಕೂತು ಶೇಂಗಾ ಸುಲಿಯಲಿ.