ಕಟ್ಟೆಯ ಮೇಲಿಟ್ಟ ಚಾಕು

ನರಸಾಪುರ,
ಭಾನುವಾರ

ಅತ್ತೆಯವರಿಗೆ ಮೇಘನಳ ನಮಸ್ಕಾರಗಳು.

ನಾವು ಬೇರೆ ಮನೆ ಮಾಡಿದಾಗಿನಿಂದ ನೀವೂ ನಾನೂ ಮಾತು ಬಿಟ್ಟಿದ್ದೆವು. ಆದರೂ ನನಗೆ ಚಾಕು ಕೊಡಿಸಲು ನೀವೇ ಹೋಳೂರಿನಿಂದ ಕೋಲಾರದ ಅಂಗಡಿಗೆ ಬಂದಿರಿ, ಚೀಲದಲ್ಲಿ ಹಣ್ಣಾದ ಟೊಮೆಟೊ ಇಟ್ಟುಕೊಂಡು! ನಾನು ಮೆಚ್ಚಿದ್ದ ಹೊಳೆಯುವ ಸೆಟ್ಟಿನ ಚಾಕು ಟೊಮೆಟೊ ಸಿಪ್ಪೆಯ ಮೇಲೆ ಜಾರಿತು. "ಇದು ನೋಡಕ್ಕೆ ಚೆಂದ ಕಣಪ್ಪಾ, ಹೆಚ್ಚಕ್ಕಲ್ಲ" ಎಂದು ಅಂಗಡಿಯವನಿಗೆ ಹಿಂದಿರುಗಿಸಿದಿರಿ. ನೀವು ಆರಿಸಿದ ದೊಡ್ಡದೊಂದು, ಚಿಕ್ಕದೊಂದು ನನಗೆ ಧಾರಾಳವಾಗಿ ಸಾಕು. ಒತ್ತುವುದೇ ಬೇಡ, ಒಂದು ತೊಟ್ಟು ರಸವೂ ಚೆಲ್ಲುವುದಿಲ್ಲ.

ನಮ್ಮ ಮನೆಗೆ ಬಂದು ಅವನ್ನು ಅಡುಗೆಕಟ್ಟೆಯ ಮೇಲಿಟ್ಟಿರಿ. "ಕೈಗೆ ಕೊಟ್ರೆ ಜಗಳ ಆಗ್ತೈತೆ, ನೀನೇ ಎತ್ಕಮ್ಮ" ಅಂದಿರಿ, ಅಲ್ಲಿಯವರೆಗೆ ನಾವು ಜಗಳವೇ ಆಡದವರ ಹಾಗೆ.

ಮುಂದಿನ ಭಾನುವಾರ ಊಟಕ್ಕೆ ಬನ್ನಿ. ಹುಳಿಗೆ ನಾನೇ ಹೆಚ್ಚುತ್ತೇನೆ. ತಪ್ಪಿದ್ದರೆ ಹೇಳಲು ನೀವು ಬೇಕು.

ನಿಮ್ಮ ಸೊಸೆ,
ಮೇಘನ